ಮನೆಗೊಂದು ಗರಿ

"ಗುರುಗಳೇ, ನಮ್ಮೂರಿನವರೆಲ್ಲ ಸೇರಿ ಊರಿನ ಮೇಲೆ ಒಂದು ಪುಸ್ತಕ ಬರೆದಿದ್ದಾರೆ. ಓದಿದವನು ನಾನೊಬ್ಬನೇ ಎಂದು ತಿದ್ದಲು ನನಗೆ ಕೊಟ್ಟಿದ್ದಾರೆ. ಎಷ್ಟು ತಿದ್ದಲಿ?" ಎಂದು ಕೇಳಿ, ಶಿಷ್ಯ ಓಲೆಗರಿಗಳ ಕಟ್ಟನ್ನು ಗುರುಗಳ ಮುಂದಿಟ್ಟ.

ಗುರುಗಳು ಕಟ್ಟು ಬಿಚ್ಚಲಿಲ್ಲ. ಕತೆ ಹೇಳಿದರು.

ಎರಡು ದೊಡ್ಡ ಪಟ್ಟಣಗಳ ನಡುವೆ ಒಂದು ಸಣ್ಣ ಊರಿತ್ತು. ದಾರಿಹೋಕರು ಅಲ್ಲಿ ನೀರು ಕುಡಿಯುತ್ತಿದ್ದರು, ಹೆಸರು ಕೇಳುತ್ತಿರಲಿಲ್ಲ. ಆ ಊರಿನಲ್ಲಿ ಒಬ್ಬ ಪಂಡಿತನಿದ್ದ. ಪರವೂರಿನಲ್ಲಿ ಓದುವಾಗ ಜೊತೆಯವರು "ಯಾವ ಊರು?" ಎಂದರೆ, ನಾಚಿಕೊಂಡು ಪಕ್ಕದ ಪಟ್ಟಣದ ಹೆಸರು ಹೇಳಿಬಿಡುತ್ತಿದ್ದ. ತಲೆ ನರೆತರೂ ಆ ನಾಚಿಕೆ ಅವನನ್ನು ಬಿಟ್ಟಿರಲಿಲ್ಲ.

ಒಂದು ವರ್ಷ ಊರಿನವರು ತಮ್ಮ ಊರಿನ ಪುಸ್ತಕ ಬರೆಯಲು ಹೊರಟರು. ಮನೆಗೊಂದು ಗರಿ. ಬರೆಯಬಲ್ಲವರು ಬರೆದರು, ಬಾರದವರು ಹೇಳಿ ಬರೆಸಿದರು. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ" ಎಂದು ಪಟ್ಟಣದವರು ನಕ್ಕರು. ಊರಿನವರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಪಂಡಿತನಿಗೆ ಮಾತ್ರ ಆ ನಗು ಚುಚ್ಚಿತು. ಪುಸ್ತಕ ಪಟ್ಟಣದವರ ಬಾಯಿ ಮುಚ್ಚಿಸುವಂತಿರಬೇಕು ಎಂದು ಹಟ ತೊಟ್ಟು, ತಿದ್ದುವ ಕೆಲಸ ತಾನೇ ವಹಿಸಿಕೊಂಡ. ಎಣಿಸಿ ನೋಡಿದರೆ ಮನೆ ನೂರಹನ್ನೊಂದು, ಗರಿ ನೂರಹತ್ತು. "ಯಾವ ಸೋಮಾರಿಯ ಮನೆಯೋ!" ಎಂದು ಗೊಣಗಿ, ಹೊಸ ಗರಿಗಳಲ್ಲಿ ತಿದ್ದಿ ಬರೆಯಲು ಕುಳಿತ.

ಗಾಣಗಿತ್ತಿಯ ಗರಿಯಲ್ಲಿ ಹೀಗಿತ್ತು: "ಪಕ್ಕದ ಮನೆಯ ಕೂಸು ಅತ್ತರೆ ನಮ್ಮ ಗಾಣದ ಎತ್ತು ನಿಂತುಬಿಡುತ್ತದೆ." ಪಂಡಿತ ಎತ್ತನ್ನು ಐರಾವತ ಮಾಡಿದ. ಹೂವಾಡಗಿತ್ತಿ ಬರೆಸಿದ್ದಳು: "ನಮ್ಮ ಬಾವಿಯ ಆರನೆಯ ಮೆಟ್ಟಿಲು ಅಲುಗುತ್ತದೆ. ಊರಿಗೆ ಬಂದ ಸೊಸೆಗೆ ಮೊದಲು ಹೇಳುವ ಮಾತು ಅದೇ." ಪಂಡಿತನ ಕೈಯಲ್ಲಿ ಬಾವಿ ಹೋಗಿ ಸ್ಫಟಿಕದ ಮೆಟ್ಟಿಲುಗಳ ಸರೋವರ ಬಂತು. ಉಗುರಿನಲ್ಲಿ ಹೋಗುವುದಕ್ಕೆ ಮಹಾಶಯ ಕೊಡಲಿ ಎತ್ತಿದ್ದ.

ಓದುವ ದಿನ ಊರೆಲ್ಲ ಅರಳಿಕಟ್ಟೆಯ ಮುಂದೆ ಸೇರಿತು. ದಾರಿಹೋಕರೂ ನಿಂತರು. ಪಂಡಿತ ರಾಗವಾಗಿ ಓದಿದ. ಜನ ಕೈಮುಗಿದು ಕೇಳಿದರು. ಮುಗಿದ ಮೇಲೆ ಗಾಣಗಿತ್ತಿ ಎದ್ದು, "ಬಲು ಚೆನ್ನಾಗಿದೆ. ಇದು ಯಾವ ಊರು ಸ್ವಾಮಿ?" ಎಂದಳು.

ಅವಳು ಕೆಣಕಲಿಲ್ಲ, ನಿಜವಾಗಿಯೇ ಕೇಳಿದ್ದಳು. ಪಂಡಿತನ ಮುಖ ಬಾಡಿತು. ಆ ಪ್ರಶ್ನೆಗೆ ತಾನು ಮತ್ತೊಮ್ಮೆ ಸುಳ್ಳು ಹೇಳಿದ್ದೇನೆ ಎಂದು ಅವನಿಗೆ ತಿಳಿಯಿತು.

ಮನೆಗೆ ಹೋಗಿ ಹಳೆಯ ಕಟ್ಟು ತಂದ. ಇದ್ದುದನ್ನು ಇದ್ದ ಹಾಗೆ ಓದಿದ. ಎತ್ತು ಬಂದಾಗ ಗಾಣಗಿತ್ತಿ "ನಮ್ಮದು, ನಮ್ಮದು!" ಎಂದು ಕೂಗಿದಳು. ಆರನೆಯ ಮೆಟ್ಟಿಲು ಬಂದಾಗ ಊರಿನ ಸೊಸೆಯರೆಲ್ಲ ನಕ್ಕರು. ಒಂದೊಂದು ಗರಿಗೂ ಒಂದೊಂದು ಮನೆಯವರು ತಲೆಯೆತ್ತಿ ನಿಂತರು. ಆಗ ದಾರಿಹೋಕನೊಬ್ಬ, "ಇದು ಯಾವ ಊರು ಸ್ವಾಮಿ?" ಎಂದು ಕೇಳಿದ. ಪಂಡಿತ ಎದೆಯುಬ್ಬಿಸಿ ಊರಿನ ಹೆಸರು ಹೇಳಿದ. ಅಷ್ಟು ಗಟ್ಟಿಯಾಗಿ ಹೇಳಿದ್ದು ಹುಟ್ಟಿದ ಮೇಲೆ ಅದೇ ಮೊದಲು. ಹೆಮ್ಮೆಯಿಂದ ಅವನ ಕಣ್ಣು ತುಂಬಿತ್ತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ನಗುತ್ತ, "ತಿಳಿಯಿತು ಗುರುಗಳೇ, ನಮ್ಮವರ ಮಾತು ಕೆಡಿಸುವುದಿಲ್ಲ. ಆದರೆ ಬಾರದೆ ಉಳಿದ ಆ ಒಂದು ಗರಿ ಯಾರ ಮನೆಯದು?" ಎಂದ.

ಗುರುಗಳು ಕಟ್ಟನ್ನು ಎತ್ತಿ ಅವನ ಕೈಗಿಟ್ಟು ಹೇಳಿದರು: "ಇದರಲ್ಲಿ ನಿನ್ನ ಮನೆಯ ಗರಿ ಎಲ್ಲಿದೆ, ತೋರಿಸು."