ಪಾತ್ರೆ ವ್ಯಾಪಾರಿಯ ಗಾರ್ಡ್

"ಬುದ್ಧೀ, ಕೈಕೆಳಗೆ ಬಂದೋನನ್ನ ಎಷ್ಟರಮಟ್ಟಿಗೆ ನಂಬಬೇಕು?"

ಮಠದ ಅಡುಗೆಮನೆಯ ಹಿರಿಯ ಕೊಟ್ರಯ್ಯ ಹೀಗೆ ಕೇಳಿದಾಗ ಗುರುಗಳು ಪೂಜೆ ಮುಗಿಸಿ ಜಗುಲಿಯ ಮೇಲೆ ಕೂತಿದ್ದರು. ಕೊಟ್ರಯ್ಯನ ಎರಡು ಕಣ್ಣಿಗೂ ಪೊರೆ ಬಂದಿತ್ತು. ಬರುವ ಸೋಮವಾರ ಆಸ್ಪತ್ರೆಗೆ ಸೇರಬೇಕು, ಆಮೇಲೆ ಬಹಳ ದಿನ ಒಲೆಯ ಹತ್ತಿರ ಸುಳಿಯಬಾರದು ಎಂದು ಡಾಕ್ಟರು ಹೇಳಿಯಾಗಿತ್ತು. ಅಷ್ಟು ದಿನ ದಾಸೋಹದ ಅಡುಗೆ ಮರುಳಪ್ಪನ ಕೈಗೆ ಹೋಗುತ್ತದೆ. ಅದನ್ನು ನೆನೆದರೆ ಕೊಟ್ರಯ್ಯನಿಗೆ ತುತ್ತು ಇಳಿಯುತ್ತಿರಲಿಲ್ಲ.

ಮರುಳಪ್ಪ ಹುಡುಗನೇನಲ್ಲ, ಸಂಸಾರ ಕಂಡವನು. ಹೋದ ವರ್ಷ ಗುರುಗಳೇ ಅವನನ್ನು ಅಡುಗೆಮನೆಗೆ ಕಳಿಸಿದ್ದರು. ಯಾಕೆ ಕಳಿಸಿದ್ದೆಂದು ಅವರು ಹೇಳಲಿಲ್ಲ, ಕೊಟ್ರಯ್ಯ ಕೇಳಲಿಲ್ಲ. ತನ್ನ ಜಾಗಕ್ಕೇ ಕಳಿಸಿದ್ದಾರೆ ಎಂದು ತಾನೇ ಊಹಿಸಿಕೊಂಡು, ಆ ಊಹೆಯನ್ನೇ ಗಟ್ಟಿಯಾಗಿ ನಂಬಿದ. ಅಂದಿನಿಂದ ಮರುಳಪ್ಪನ ಮೇಲೆ ಅವನದೊಂದು ಕಣ್ಣು. ಪೊರೆ ಬಂದ ಕಣ್ಣಾದರೂ ಆ ಕೆಲಸಕ್ಕೆ ಸಾಕಾಗುತ್ತಿತ್ತು. ಒಗ್ಗರಣೆಯ ಹೊತ್ತಿಗೆ ಮರುಳಪ್ಪ ಒಳಗೆ ಬಂದರೆ ಅನುಮಾನ. ಬಾರದಿದ್ದರೆ, ಕಿಟಕಿಯಿಂದ ನೋಡುತ್ತಿರಬೇಕು ಎಂದು ಇನ್ನೂ ಅನುಮಾನ. ಸಾರಿನ ಪುಡಿ ಹಾಕುವಾಗ ಕೊಟ್ರಯ್ಯ ಬೆನ್ನು ತಿರುಗಿಸಿ ನಿಲ್ಲುತ್ತಿದ್ದ, ಅಳತೆ ಅವನಿಗೆ ಕಾಣಬಾರದೆಂದು. ಮರುಳಪ್ಪ ಹಾಲು ಉಕ್ಕದಂತೆ ನೋಡಿಕೊಂಡು, ಬೆಕ್ಕು ಓಡಿಸಿಕೊಂಡು, ಉಳಿದ ಹೊತ್ತು ಉಗ್ರಾಣದ ಬಾಗಿಲಲ್ಲಿ ಕೂತಿರುತ್ತಿದ್ದ.

ಗುರುಗಳು ಕೂರುವಂತೆ ಸನ್ನೆ ಮಾಡಿದರು. ಕೊಟ್ರಯ್ಯ ಕಂಬಕ್ಕೆ ಒರಗಿ ಕೂತ.

"ಒಬ್ಬ ಪಾತ್ರೆ ವ್ಯಾಪಾರಿ ಇದ್ದ," ಎಂದರು ಗುರುಗಳು.

ಕೊಟ್ರಯ್ಯನ ಕಿವಿ ನೆಟ್ಟಗಾಯಿತು. ಪಾತ್ರೆ ಎಂದರೆ ಅಡುಗೆಮನೆ, ಅಡುಗೆಮನೆ ಎಂದರೆ ತಾನು. ಮರುಳಪ್ಪ ಮೊದಲೇ ಬಂದು ಏನಾದರೂ ಚುಚ್ಚಿಕೊಟ್ಟನೇ? ಆದರೆ ಕತೆ ಅವನು ಅಂದುಕೊಂಡ ದಾರಿ ಹಿಡಿಯಲಿಲ್ಲ.

ಆ ವ್ಯಾಪಾರಿಗೆ ಮೊಬೈಲಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿಸುವ ಗೀಳು ಹತ್ತಿತಂತೆ. ಆಡುವುದಲ್ಲ, ಆಡಿಸುವುದು. ಅಲ್ಲಿ ಅವನೊಂದು ತಂಡದ ಯಜಮಾನ. ಆಟಗಾರರೆಲ್ಲ ಬರೀ ಹೆಸರು ಮತ್ತು ಅಂಕಿಗಳು, ಮುಟ್ಟಿ ನೋಡಲು ಯಾರೂ ಇಲ್ಲ. ಆದರೆ ಎದುರು ತಂಡಗಳ ಯಜಮಾನರು ನಿಜವಾದ ಜನ, ಹೆಚ್ಚಿನವರು ಬೇರೆ ಬೇರೆ ಊರಿನವರು. ಯಾರನ್ನು ಆಡಿಸಬೇಕು, ಯಾರಿಗೆ ಯಾವ ತರಬೇತಿ ಕೊಡಬೇಕು ಎಂದು ಯಜಮಾನ ಹೇಳಬೇಕು. ಪಂದ್ಯ ತನ್ನಷ್ಟಕ್ಕೆ ನಡೆಯುತ್ತದೆ. ಗೆದ್ದೆವೋ ಸೋತೆವೋ ಎಂದು ಆಮೇಲೆ ವರದಿ ಓದಬೇಕು.

ವ್ಯಾಪಾರಿ ಹುಟ್ಟಾ ಸಂಶಯದವನು. ಗಿರಾಕಿ ಚೌಕಾಸಿ ಮಾಡಿದರೆ ಇವನಿಗೆ ಬೇರೆ ಅಂಗಡಿಯ ಬೆಲೆ ಗೊತ್ತಾಗಿದೆ ಎನ್ನುತ್ತಿದ್ದ. ಚೌಕಾಸಿ ಮಾಡದೆ ಕೊಂಡರೆ ನೋಟು ಖೋಟಾ ಇರಬೇಕೆಂದು ಬೆಳಕಿಗೆ ಹಿಡಿಯುತ್ತಿದ್ದ. ಇಂಥವನ ತಂಡಕ್ಕೆ ಒಬ್ಬ ಎಳೆಯ ಆಟಗಾರ ಬಂದ. ಒಳ್ಳೆಯ ಚುರುಕು. ಹೆಸರಿನ ಮುಂದೆ ಅವನ ಸ್ಥಾನ ಬರೆದಿತ್ತು: ಗಾರ್ಡ್.

ವ್ಯಾಪಾರಿಗೆ ಆ ಪದ ಹೊಸದಲ್ಲ. ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಲ್ಲುವವನು ಗಾರ್ಡ್. ತನ್ನ ಗೋದಾಮಿನ ಮುಂದೆ ಕುರ್ಚಿ ಹಾಕಿಕೊಂಡು ತೂಕಡಿಸುವವನೂ ಗಾರ್ಡ್. ಗಾರ್ಡ್ ಎಂದರೆ ಕಾವಲುಗಾರ, ಇದರಲ್ಲಿ ಯಾರನ್ನಾದರೂ ಕೇಳುವುದೇನಿದೆ? ಅವನಿಗೆ ಖುಷಿಯೇ ಆಯಿತು. ತಂಡದಲ್ಲಿ ಉಳಿದವರ ಮೇಲೆ ನಂಬಿಕೆ ಇರಲಿಲ್ಲ, ಕಾಯಲು ಒಬ್ಬ ಸಿಕ್ಕಿದನಲ್ಲ. ತಡೆಯುವುದು, ಅಡ್ಡಗಟ್ಟುವುದು, ಎದುರಾಳಿಯ ಕೈಯಿಂದ ಚೆಂಡು ಕಿತ್ತುಕೊಳ್ಳುವುದು, ಇವನಿಗೆ ಅದೇ ತರಬೇತಿ ಎಂದು ಅಪ್ಪಣೆ ಮಾಡಿದ. ವಾರ ಕಳೆದು ವಾರ ಬಂದರೂ ಅಪ್ಪಣೆ ಬದಲಾಗಲಿಲ್ಲ.

"ಆ ಆಟದಲ್ಲಿ ಗಾರ್ಡ್ ಅಂದ್ರೆ ಕಾಯೋನು ಅಲ್ಲೇನ್ ಬುದ್ಧೀ?" ಎಂದ ಕೊಟ್ರಯ್ಯ.

"ಕಾಯೋದು ಅಲ್ಲಿ ಎಲ್ರ ಕೆಲ್ಸ. ಗಾರ್ಡ್ ಅಂದ್ರೆ ಚೆಂಡು ತಗೊಂಡು ಹೋಗಿ ಬಡಿಸೋನು. ಯಾರಿಗೆ ಯಾವಾಗ ಕೊಡಬೇಕು ಅಂತ ಅವನಿಗೆ ಗೊತ್ತಿರಬೇಕು. ಅವನು ಕೊಟ್ರೆ ಉಳಿದೋರಿಗೆ ಆಟ."

ಬಡಿಸುವವನು ಎಂಬ ಮಾತು ಕೊಟ್ರಯ್ಯನಿಗೆ ಅಷ್ಟು ಹಿಡಿಸಲಿಲ್ಲ. ಗುರುಗಳ ಮುಖ ನೋಡಿದ. ಪೊರೆಯ ಕಣ್ಣಿಗೆ ಅದು ಮಸುಕಾಗಿ ಕಂಡಿತು, ನಗುತ್ತಿದ್ದಾರೋ ಇಲ್ಲವೋ ತಿಳಿಯಲಿಲ್ಲ.

ತರಬೇತಿ ಸುಳ್ಳಾಗಲಿಲ್ಲ. ಗಾರ್ಡ್ ನೋಡನೋಡುತ್ತಲೇ ಗಟ್ಟಿಯಾದ. ಅವನನ್ನು ದಾಟಿ ಹೋಗುವುದು ಎದುರಾಳಿಗಳಿಗೆ ಕಷ್ಟವಾಯಿತು. ವರದಿಯಲ್ಲಿ ಅವನು ಚೆಂಡು ಕಿತ್ತುಕೊಂಡ ಸುದ್ದಿ ಬಂದಾಗಲೆಲ್ಲ ವ್ಯಾಪಾರಿ ಗಲ್ಲಾಪೆಟ್ಟಿಗೆಯ ಮೇಲೆ ತಾಳ ಹಾಕುತ್ತಿದ್ದ. ಆದರೂ ತಂಡ ಸೋಲುತ್ತಿತ್ತು. ಕಿತ್ತುಕೊಂಡ ಚೆಂಡನ್ನು ಏನು ಮಾಡಬೇಕೆಂದು ಗಾರ್ಡಿಗೆ ಗೊತ್ತಿರಲಿಲ್ಲ. ಅದನ್ನು ತಟ್ಟಿಕೊಂಡು ಹೋಗುವಷ್ಟರಲ್ಲಿ ಕಳೆದುಕೊಳ್ಳುತ್ತಿದ್ದ, ಇಲ್ಲವೇ ತನ್ನವರು ಯಾರೂ ಇಲ್ಲದ ಕಡೆ ಎಸೆಯುತ್ತಿದ್ದ. ಬುಟ್ಟಿಯ ಕೆಳಗೆ ನಿಂತ ಎತ್ತರದ ಆಟಗಾರ ಬರಿಗೈ ಚಾಚಿಕೊಂಡು ಪಂದ್ಯ ಮುಗಿಸುತ್ತಿದ್ದ.

ವ್ಯಾಪಾರಿಯ ಅನುಮಾನ ಮೊದಲು ಆ ಎತ್ತರದವನ ಮೇಲೆ ಬಿತ್ತು. ಇವನು ಮೈಗಳ್ಳ ಎಂದು ಅವನನ್ನು ಮಾರಿಬಿಟ್ಟ. ಕೊಂಡವರ ತಂಡದಲ್ಲಿ ಅವನು ಚೆನ್ನಾಗಿ ಆಡತೊಡಗಿದ. ಆಗ, ಇವನು ಮೊದಲಿನಿಂದಲೂ ಅವರ ಕಡೆಯವನೇ ಎಂದು ವ್ಯಾಪಾರಿಗೆ ಖಾತ್ರಿಯಾಯಿತು. ಬರೀ ಅಂಕಿಯಾಗಿದ್ದ ಆಟಗಾರ ಯಾರ ಕಡೆ ಹೇಗೆ ಸೇರುತ್ತಾನೆ ಎಂದು ಅವನು ಯೋಚಿಸಲಿಲ್ಲ. ಸಂಶಯದವರಿಗೆ ಅಷ್ಟು ವ್ಯವಧಾನ ಎಲ್ಲಿರುತ್ತದೆ!

ಅದೇ ಬೀದಿಯ ಎದುರು ಸಾಲಿನ ಅಂಗಡಿಯಲ್ಲಿ ಒಬ್ಬ ಎಣ್ಣೆ ವ್ಯಾಪಾರಿ ಇದ್ದ. ಅವನಿಗೂ ಅದೇ ಆಟ, ಅವನದೂ ಒಂದು ತಂಡ. ಒಂದು ದಿನ ಚಹಾ ಕುಡಿಯುತ್ತ ಅವನು ಕೇಳಿದ:

"ಅಲ್ಲಪ್ಪಾ, ನಿನ್ನ ಗಾರ್ಡು ಒಂದು ಪಾಸೂ ನೆಟ್ಟಗೆ ಕೊಡಲ್ವಲ್ಲ. ಪಾಸ್ ಮಾಡೋದು, ಚೆಂಡು ತಟ್ಟೋದು ಹೇಳಿಕೊಡಬಾರ್ದಾ? ಎಳೇನು, ಈಗಾದ್ರೆ ಬೇಗ ಕಲೀತಾನೆ."

"ಕಾಯೋನ ಕೈಗೇ ಚೆಂಡು ಕೊಟ್ರೆ ಕಾಯೋರು ಯಾರು?" ಎಂದ ಪಾತ್ರೆ ವ್ಯಾಪಾರಿ.

ಅಂಗಡಿಗೆ ಬಂದು ಕೂತ ಮೇಲೆ ಅವನ ತಲೆ ಕೆಲಸ ಮಾಡತೊಡಗಿತು. ಎದುರಾಳಿಯಾದವನು ನನಗೆ ಒಳ್ಳೆಯದನ್ನು ಏಕೆ ಹೇಳಬೇಕು? ನನ್ನ ಗಾರ್ಡಿಗೆ ಹೆದರಿದ್ದಾನೆ. ತರಬೇತಿ ಬದಲಾಯಿಸಿ ಅವನನ್ನು ಕೆಡಿಸುವ ಹುನ್ನಾರ ಇದು. ಹೀಗೆ ಯೋಚಿಸಿ, ತಡೆಯುವ ತರಬೇತಿಯನ್ನೇ ಇನ್ನಷ್ಟು ಬಿಗಿ ಮಾಡಿದ. ಅಂದಿನಿಂದ ಎಣ್ಣೆ ವ್ಯಾಪಾರಿಯ ಜೊತೆ ಚಹಾ ಕುಡಿಯುವುದನ್ನೂ ಬಿಟ್ಟ.

ಪಂದ್ಯಾವಳಿಯ ಕೊನೆಯ ಪಂದ್ಯ ಬಂತು. ಸೋತರೆ ತಂಡ ಕೆಳಗಿನ ದರ್ಜೆಗೆ ಇಳಿಯಬೇಕು. ಇಷ್ಟು ದಿನ ಕಟ್ಟಿದ್ದೆಲ್ಲ ಹೋಗುತ್ತದೆ. ಎದುರಿಗೆ ಅದೇ ಎಣ್ಣೆ ವ್ಯಾಪಾರಿಯ ತಂಡ. ಪಾತ್ರೆ ವ್ಯಾಪಾರಿ ಅಂಗಡಿಯ ಅರ್ಧ ಬಾಗಿಲು ಹಾಕಿಕೊಂಡು ವರದಿ ಓದಿದ. ಗಾರ್ಡ್ ಹಿಂದೆಂದೂ ಇಲ್ಲದಷ್ಟು ಚೆನ್ನಾಗಿ ಕಾದಿದ್ದ. ಎಷ್ಟೋ ಸಲ ಚೆಂಡು ಕಿತ್ತುಕೊಂಡಿದ್ದ. ಕಿತ್ತುಕೊಂಡ ಪ್ರತಿ ಸಲವೂ ಅದನ್ನು ಎಣ್ಣೆ ವ್ಯಾಪಾರಿಯ ಆಟಗಾರರಿಗೇ ಒಪ್ಪಿಸಿ ಬಂದಿದ್ದ. ತಂಡ ಇಳಿಯಿತು.

ಆಗಲಾದರೂ ವ್ಯಾಪಾರಿಗೆ ಎಣ್ಣೆ ವ್ಯಾಪಾರಿಯ ಮಾತು ನೆನಪಾಯಿತು. ಗಾರ್ಡಿಗೆ ಪಾಸ್ ಕಲಿಸಿ ಎಂದು ಅಪ್ಪಣೆ ಮಾಡಿದ. ಕಾದ, ಮತ್ತೂ ಕಾದ, ಗಾರ್ಡಿನ ಪಾಸಿನ ಅಂಕಿ ಅಲುಗಲಿಲ್ಲ. ಆ ಆಟದಲ್ಲಿ ವರ್ಷಗಳು ಬೇಗ ಓಡುತ್ತವೆ. ಗಾರ್ಡ್ ಈಗ ಎಳೆಯನಾಗಿರಲಿಲ್ಲ, ಅವನ ಕಲಿಯುವ ಕಾಲ ಮುಗಿದಿತ್ತು. ವ್ಯಾಪಾರಿ ತಲೆಯ ಮೇಲೆ ಕೈ ಹೊತ್ತು ಕೂತ. ಸ್ವಲ್ಪ ಹೊತ್ತಿನ ಮೇಲೆ ಎದ್ದು ಬೀದಿಯ ಕಡೆ ನೋಡಿದ. ಬಂಗಾರದಂಥ ನನ್ನ ಗಾರ್ಡನ್ನು ಯಾರೋ ಹಾಳು ಮಾಡಿದ್ದಾರೆ, ಯಾರು ಎಂದು ಮಾತ್ರ ತಿಳಿಯುತ್ತಿಲ್ಲ ಎಂದು ಬಂದವರಿಗೆಲ್ಲ ಹೇಳತೊಡಗಿದ. ಈಗಲೂ ಹುಡುಕುತ್ತಲೇ ಇದ್ದಾನಂತೆ.

ಗುರುಗಳು ಕತೆ ನಿಲ್ಲಿಸಿದರು. ಕೊಟ್ರಯ್ಯನಿಗೆ ನಗು ತಡೆಯಲಾಗಲಿಲ್ಲ. ಕತೆಯಲ್ಲಿ ಅಡುಗೆಯ ಸುದ್ದಿ ಬಾರದೇ ಇದ್ದದ್ದು ಅವನಿಗೆ ದೊಡ್ಡ ನಿರಾಳ. ಹೆಗಲ ಮೇಲಿನ ವಸ್ತ್ರದಿಂದ ಕಣ್ಣು ಒರೆಸಿಕೊಂಡು ಹೇಳಿದ:

"ಎಂಥಾ ಪೆದ್ದ ಬುದ್ಧೀ ಅವನು! ಹಾಳು ಮಾಡಿದೋನು ತಾನೇ ಅಲ್ವಾ? ಒಂದು ದಿನಾನಾದ್ರೂ ಕೈಗೆ ಕೊಟ್ಟು ನೋಡ್ದೆ, ಬರೀ ಕಾಯೋಕೆ ಕೂರಿಸಿದ್ರೆ ಅವನು ತಾನೇ ಏನು ಕಲೀತಾನೆ?"

ಅಡುಗೆಮನೆಯ ಕಡೆಯಿಂದ ಮರುಳಪ್ಪ ಬೆಕ್ಕು ಓಡಿಸುವ ಸದ್ದು ಕೇಳಿಸಿತು. ಗುರುಗಳು ಆ ಕಡೆ ಒಮ್ಮೆ ನೋಡಿ, ಕೊಟ್ರಯ್ಯನ ಕಡೆ ತಿರುಗಿದರು.

"ಮರುಳಪ್ಪನ ಕೈ ಸಾರು ಹೆಂಗಿರುತ್ತೆ, ಕೊಟ್ರಯ್ಯ?"