ದಾಲ್ಚಿನ್ನಿ ಉಸಿರು ಬಿಗಿಹಿಡಿದದ್ದು

ಆಗ ಲೋಕ ಹೊಚ್ಚಹೊಸದು, ಪುಟ್ಟಿ. ಹೊಳೆಗಳಿಗೆ ದಾರಿ ಗೊತ್ತಿರಲಿಲ್ಲ. ಗಾಳಿಗೆ ನಿಲ್ಲುವುದು ಗೊತ್ತಿರಲಿಲ್ಲ. ಅದಕ್ಕೆ ಇವತ್ತಿಗೂ ಗೊತ್ತಿಲ್ಲ ಬಿಡು.

ದಟ್ಟ ಕಾಡಿನಲ್ಲಿ, ದೊಡ್ಡ ಮರಗಳ ನೆರಳಿನಲ್ಲಿ, ದಾಲ್ಚಿನ್ನಿ ಎಂಬ ಪುಟ್ಟ ಮರವಿತ್ತು. ಪಲಾವಿನಲ್ಲಿ ಸಿಕ್ಕರೆ ನೀನು ಹೆಕ್ಕಿ ಬದಿಗಿಡುತ್ತೀಯಲ್ಲ, ಆ ಚಕ್ಕೆ ಕೊಡುವ ಮರವೇ. ಆಗ ಅದಕ್ಕೆ ಘಮವಿರಲಿಲ್ಲ. ಎಲೆಗಳು ಒದ್ದೆ ಬಟ್ಟೆಯಂತೆ ಜೋಲುತ್ತಿದ್ದವು. ಅವುಗಳಲ್ಲಿ ಒಂದು ಗೆರೆಯೂ ಇರಲಿಲ್ಲ.

"ನಿನ್ನ ಎಲೆ ಮೇಲೆ ಇರುವೆ ಕೂತ್ರೂ ಜಾರಿ ಬೀಳುತ್ತೆ," ಎಂದು ಎತ್ತರದ ಧೂಪದ ಮರ ನಗುತ್ತಿತ್ತು. ದಾಲ್ಚಿನ್ನಿಗೆ ಬೇಜಾರಾಗುತ್ತಿತ್ತು. ಮಾತು ನಿಜವಾಗಿತ್ತಲ್ಲ, ಪಾಪ!

ಒಂದು ದಿನ ಗಾಳಿ ಬಂತು. ಎಂಥ ಗಾಳಿ! ಧೂಪದ ಮರವನ್ನೇ ಹಿಡಿದು ಅಲ್ಲಾಡಿಸಿತು. ಕೊಂಬೆಯಲ್ಲಿದ್ದ ಪಿಕಳಾರ ಹಕ್ಕಿಯ ಗೂಡು ಮಗುಚಿತು. ರೆಕ್ಕೆ ಬಲಿಯದ ಮರಿ ಕೆಳಗೆ ಉರುಳಿತು. ಕೆಳಗೆ ತುಂಬಿದ ಹಳ್ಳ!

ಬೀಳುತ್ತ ಬೀಳುತ್ತ ಮರಿಯ ಕಾಲಿಗೆ ದಾಲ್ಚಿನ್ನಿಯ ಎಲೆ ಸಿಕ್ಕಿತು. ಮುಂದಿನ ಮೂರು ಬೆರಳುಗಳನ್ನು ಉದ್ದಕ್ಕೆ ಚಾಚಿ ಬಿಗಿಯಾಗಿ ಹಿಡಿಯಿತು.

"ಬಿಡ್ಬೇಡ!" ಎಂದಿತು ಮರಿ.

"ನೀನೂ ಬಿಡ್ಬೇಡ!" ಎಂದಿತು ದಾಲ್ಚಿನ್ನಿ. ಎಲೆ ಹರಿದರೆ ಮರಿ ಹಳ್ಳದ ಪಾಲು. ದಾಲ್ಚಿನ್ನಿ ಕಣ್ಣು ಮುಚ್ಚಿ ಉಸಿರು ಬಿಗಿಹಿಡಿಯಿತು.

ತಾಯಿ ಹಕ್ಕಿ ಗಾಳಿಯ ಹಿಂದೆ ಹಾರಿತು. "ಗಾಳಿಯಣ್ಣ, ನಿಲ್ಲಪ್ಪ! ನನ್ನ ಕೂಸು ಬೀಳುತ್ತೆ!"

"ನಿಲ್ಲೋದು ನಂಗೆ ಬರಲ್ಲ ತಂಗಿ. ಬೇಗ ಬೇಗ ಹೋಗ್ಬಿಡ್ತೀನಿ," ಎಂದಿತು ಗಾಳಿ.

ಅದು ಬೇಗ ಹೋದಷ್ಟೂ ಕಾಡು ಜೋರಾಗಿ ಅಲ್ಲಾಡಿತು. ಉಸಿರು ಕಟ್ಟಿ ದಾಲ್ಚಿನ್ನಿಯ ಎಲೆಗಳೆಲ್ಲ ಕೆಂಪಾದವು. ಆದರೂ ಅದು ಬಿಡಲಿಲ್ಲ.

ಕೊನೆಗೆ ಗಾಳಿ ಬೆಟ್ಟ ದಾಟಿತು. ಕಾಡು ಸುಮ್ಮನಾಯಿತು. ಮರಿ ಮಾತ್ರ ಕಣ್ಣು ಬಿಡಲಿಲ್ಲ. ಮರವೂ ಬಿಡಲಿಲ್ಲ.

"ಅಯ್ಯೋ ಮಂಕುಗಳಾ, ಗಾಳಿ ಹೋಗಿ ಎಷ್ಟೊತ್ತಾಯ್ತು! ಕಣ್ಣು ಬಿಡ್ರೋ!" ತಾಯಿ ಹಕ್ಕಿ ಅಳುತ್ತ, ನಗುತ್ತ ಕೂಗಿತು.

"ಉಸ್ಸಪ್ಪಾ!" ಎಂದು ದಾಲ್ಚಿನ್ನಿ ಉಸಿರು ಬಿಟ್ಟಿತು. ಆ ಉಸಿರಿಗೆ ಕಾಡೆಲ್ಲ ಘಮಘಮ ಎಂದಿತು. ಕೆಂಪೆಲೆಗಳು ಮೆಲ್ಲಗೆ ಹಸಿರಾದವು. ಮರಿ ಬೆರಳು ಸಡಿಲಿಸಿ ಅಮ್ಮನ ರೆಕ್ಕೆಯೊಳಗೆ ನುಸುಳಿತು. ಎಲೆಯ ಮೇಲೆ ಮೂರು ಉದ್ದ ಗೆರೆಗಳು ಉಳಿದವು. ಅವನ್ನು ನೋಡಿ ಉಳಿದ ಎಲೆಗಳೂ ಆಸೆಪಟ್ಟು ಹಾಗೇ ಗೆರೆ ಮೂಡಿಸಿಕೊಂಡವು. ಧೂಪದ ಮರವೂ ಬಗ್ಗಿ ಬಗ್ಗಿ ನೋಡಿತು.

ಅದಕ್ಕೇ ಪುಟ್ಟಿ, ದಾಲ್ಚಿನ್ನಿಯ ಚಿಗುರು ಇವತ್ತಿಗೂ ಉಸಿರು ಬಿಗಿಹಿಡಿದು ಕೆಂಪಗೇ ಹುಟ್ಟುತ್ತದೆ, ಯಾರೂ ಬೀಳಲಿಲ್ಲ ಎಂದು ಖಾತ್ರಿಯಾದ ಮೇಲೆಯೇ ಹಸಿರಾಗುತ್ತದೆ.