ಹಳ್ಳ ಮರಳಿನಡಿ ಇಳಿದ ಕತೆ

ಭೂಮಿಯ ಮೈ ಇನ್ನೂ ಹಸಿ ಇದ್ದ ಕಾಲ. ಗುಡ್ಡಗಳು ತಾವು ಕೂರುವುದಕ್ಕೆ ಜಾಗ ಹುಡುಕುತ್ತಿದ್ದವು. ಗಾಳಿಗೆ ಮಾತು ಬರುತ್ತಿತ್ತು, ಹಳ್ಳಕ್ಕೆ ಸಿಟ್ಟು ಬರುತ್ತಿತ್ತು. ಮನುಷ್ಯರಿಗೆ ಮಾತ್ರ ಮನೆ ಇರಲಿಲ್ಲ. ಕುರಿ ಮುಂದೆ, ಅವರು ಹಿಂದೆ. ಹೊತ್ತು ಮುಳುಗಿದಲ್ಲಿ ಕಂಬಳಿ ಹಾಸಿದರೆ ಅದೇ ಬಿಡಾರ.

ಆಗ ಹಳ್ಳಗಳು ಬೇಸಿಗೆಯಲ್ಲೂ ಮರಳಿನ ಮೇಲೆಯೇ ತುಂಬಿ ಹರಿಯುತ್ತಿದ್ದವು. ಅವುಗಳಲ್ಲಿ ಒಂದು ಹಳ್ಳದ ಹೆಸರು ಗಂಗವ್ವ. ಅವಳ ನೀರು ಎಷ್ಟು ತಿಳಿ ಎಂದರೆ, ಈಜುವ ಮೀನಿನ ನೆರಳು ತಳದ ಕಲ್ಲಿನ ಮೇಲೆ ಕಾಣುತ್ತಿತ್ತು. ಗಂಗವ್ವನಿಗೆ ಅದೇ ದೊಡ್ಡ ಜಂಬ.

ಅವಳ ದಂಡೆಯಲ್ಲಿ ಬಿಡಾರ ಹೂಡಿದ್ದ ಕುರಿಗಾರರ ಭರಮವ್ವನ ಜಂಬವೂ ಏನು ಕಡಿಮೆಯಲ್ಲ. ಅದು ಚೊಕ್ಕತನದ ಜಂಬ. ಕಂಬಳಿ ಕೊಡವಿ, ನೆಲ ಗುಡಿಸಿ, ಗಡಿಗೆ ತಿಕ್ಕಿ, ಬಿಡಾರದಲ್ಲಿ ಒಂದು ಹಿಕ್ಕೆ ಉಳಿಯದಂತೆ ನೋಡಿಕೊಳ್ಳುವಳು. ನೊಣ ಬಂದರೂ ಕಾಲೂರಲು ಕಾರಣ ಸಿಗದೆ ಪಕ್ಕದ ಬಿಡಾರಕ್ಕೆ ಹೋಗುತ್ತಿತ್ತು.

"ಬಯಲಾಗ ಇರ್ತೀವಿ ಅಂದ್ರ ಹೊಲಸಿನಾಗ ಇರಬೇಕಂತ ಯಾರು ಹೇಳ್ಯಾರ?" ಎಂದು ಎಲ್ಲರನ್ನೂ ಗದರುವಳು.

ಸರಿ, ಆ ಕಸವೆಲ್ಲ ಎಲ್ಲಿಗೆ ಹೋಗುತ್ತಿತ್ತು? ಹಳ್ಳಕ್ಕೆ! ಗಡಿಗೆ ತಿಕ್ಕಿದ ಬೂದಿ ಹಳ್ಳಕ್ಕೆ. ಹಳಸಿದ ಅಂಬಲಿ ಹಳ್ಳಕ್ಕೆ. ಕಂಬಳಿಯ ಕೊಳೆ ಹಳ್ಳಕ್ಕೆ. ಬೆಳಿಗ್ಗೆ ಎದ್ದು ಬಯಲಕಡೆಗೆ ಹೋಗುವುದೂ ಹಳ್ಳದ ದಂಡೆಗೇ. ಯಾರಾದರೂ ಹುಬ್ಬು ಗಂಟಿಕ್ಕಿದರೆ ಭರಮವ್ವನ ಬಳಿ ಉತ್ತರ ಸಿದ್ಧ.

"ಹರಿಯೋ ನೀರಿಗೆ ಎಲ್ಲೀ ಮೈಲಿಗಿ?"

ಎಲ್ಲರೂ ಹೌದೆಂದು ತಲೆಯಾಡಿಸುತ್ತಿದ್ದರು. ಹಳ್ಳವನ್ನು ಮಾತ್ರ ಯಾರೂ ಕೇಳಲಿಲ್ಲ.

ಒಂದು ದಿನ ಗಂಗವ್ವನೇ ಬಾಯಿ ಬಿಟ್ಟಳು. "ಭರಮವ್ವಾ, ನನ್ನ ಮೈಯೆಲ್ಲ ಜಿಗಟ ಆಗೇತಿ. ಕೆಳಗಿನ ಬಿಡಾರದ ಹುಡುಗರು ನನ್ನ ನೀರು ಕುಡಿದು ಹೊಟ್ಟಿ ಹಿಡ್ಕೊಂಡು ಅಳಾಕತ್ತಾವು. ಅವರವ್ವಂದಿರು ನನ್ನ ಬೈಯಾಕತ್ತಾರ."

"ಹರಿಯಾಕಿ ನೀನು, ನಿನಗೇನವಾ? ತಗೊಂಡು ಮುಂದ ಹೋಗು," ಎಂದು ಭರಮವ್ವ ನಕ್ಕುಬಿಟ್ಟಳು.

ಕೆಳಗಿನವರ ಬೈಗುಳವನ್ನು ಗಂಗವ್ವ ನುಂಗಿಕೊಂಡಳು. ಆದರೆ ಅದೇ ಸಂಜೆ ಒಂದು ಚಿಗರಿ ನೀರು ಕುಡಿಯಲು ಬಂತು. ಬಾಗಿತು, ಮೂಸಿತು, ಕುಡಿಯದೆ ಹಿಂದೆ ಸರಿಯಿತು. ಗಂಗವ್ವನಿಗೆ ತಡೆಯಲಾಗಲಿಲ್ಲ. ಬಿಕ್ಕಿ ಬಿಕ್ಕಿ ಅತ್ತಳು.

ತಳದಲ್ಲಿದ್ದ ಮರಳು ಅಂದಿತು, "ನನ್ನೊಳಗ ಬಾರವಾ. ಸೋಸಿ ಸೋಸಿ ನಿನ್ನ ಮತ್ತ ತಿಳಿ ಮಾಡ್ತೀನಿ."

ಗಂಗವ್ವ ಮೀನುಗಳನ್ನು ದೂರದ ಮಡುವಿಗೆ ಕಳಿಸಿದಳು. ಆಮೇಲೆ ಮೆಲ್ಲಗೆ ಮರಳಿನಡಿ ಇಳಿದುಹೋದಳು.

ಬೆಳಗಾಗಿ ನೋಡಿದರೆ ಹಳ್ಳವಿಲ್ಲ! ಬರೀ ಮರಳು, ಮರಳಿನ ಮೇಲೆ ಭರಮವ್ವನ ಬೂದಿ. ಕುರಿಗಳು ಬಾಯಿಬಾಯಿ ಬಿಟ್ಟವು. ಬಿಡಾರದ ಹಿರಿಯ ಕಂಬಳಿ ಹೆಗಲಿಗೆ ಹಾಕಿಕೊಂಡ.

"ನಡೀರೆಪಾ, ಮುಂದಿನ ಹಳ್ಳಕ್ಕ ಹೋಗೂಣು."

ಭರಮವ್ವನ ಸೊಸೆ ಕೆಂಚವ್ವ ಹಿಂದಿನ ದಿನವಷ್ಟೇ ಹೆಣ್ಣು ಕೂಸು ಹೆತ್ತಿದ್ದಳು. ಎದ್ದು ಕೂರಲೂ ಆಗದವಳು ದೂರದ ಹಳ್ಳದವರೆಗೆ ನಡೆಯುವುದು ಹೇಗೆ?

"ಕುರಿ ಹೊಡ್ಕೊಂಡು ನೀವು ನಡೀರಿ. ನಾ ನನ್ನ ಸೊಸಿ ಕೂಡ ಇರ್ತೀನಿ," ಎಂದಳು ಭರಮವ್ವ. ಮಗ ಹೋಗಲು ಒಪ್ಪಲಿಲ್ಲ. "ನೀರು ಸಿಕ್ಕ ಕೂಡಲೇ ತುಂಬ್ಕೊಂಡು ಬಾ" ಎಂದು ಅವನನ್ನೂ ಗದರಿಸಿ ಕಳಿಸಿದಳು.

ಉಳಿದದ್ದು ಒಂದು ಗಡಿಗೆ ನೀರು. ಬಾಣಂತಿಗೆ ನೀರಿಲ್ಲದಿದ್ದರೆ ಎದೆಯಲ್ಲಿ ಹಾಲಿಲ್ಲ. ಹಾಲಿಲ್ಲದಿದ್ದರೆ ಕೂಸಿಲ್ಲ. ಭರಮವ್ವ ಹಳ್ಳದ ಮೇಲಕ್ಕೂ ಕೆಳಕ್ಕೂ ಓಡಾಡಿದಳು. ಎಲ್ಲಿ ನೋಡಿದರೂ ಮರಳೇ.

ಗಾಳಿ ಅವಳ ಸೆರಗು ಜಗ್ಗಿತು. "ಅಷ್ಟು ದೂರ ಯಾಕ ಹುಡುಕ್ತೀ? ನಿನ್ನ ಕಾಲ ಕೆಳಗ ಅದಾಳ."

ಭರಮವ್ವ ಅಲ್ಲೇ ಕುಕ್ಕರಿಸಿ, ಮರಳು ಕೆದರಿದಳು. ನೀರು ಬಂತು. ಆದರೆ ಎಂಥ ನೀರು! ಕಪ್ಪು, ನಾತ, ಮೇಲೆ ಹಳಸಿದ ಅಂಬಲಿಯ ಕೆನೆ.

"ಇದೇನ ಗಂಗವ್ವಾ, ಇಂಥಾ ಹೊಲಸು?"

"ಹೊಲಸು ನಂದಲ್ಲವಾ," ಎಂದು ಕೆಳಗಿನಿಂದ ದನಿ ಬಂತು. "ಮೂಸಿ ನೋಡು, ನಿಂದ ಐತಿ. ನಿನ್ನ ಬಿಡಾರ ಚೊಕ್ಕ ಆಗಾಕ ನಾ ತಿಪ್ಪಿ ಆದೆ. ತನ್ನ ಕಸ ಮಂದಿ ಮೈಮ್ಯಾಲೆ ಚೆಲ್ಲೋದು ಚೊಕ್ಕತನ ಏನ?"

ಭರಮವ್ವನ ಕಿವಿ ಬಿಸಿಯಾಯಿತು. ಹುಟ್ಟಿದಾಗಿನಿಂದ ಅವಳಿಗೆ ಯಾರೂ ಹೊಲಸಿ ಎಂದಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಸೆರಗೊಡ್ಡಿ ಬೇಡುತ್ತಿದ್ದರು. ಭರಮವ್ವ ಬೇಡುವವಳಲ್ಲ. ನಾಚಿಕೆಯಾದದ್ದು ನಿಜ, ಆದರೆ ನಾಚಿಕೊಂಡು ಕೂತರೆ ಬಾಣಂತಿಯ ಬಾಯಿಗೆ ನೀರು ಬರುತ್ತದೆಯೇ?

"ಹೊಲಸು ನಂದಾದ್ರ ನಾನ ತೆಗಿತೀನಿ. ಆಮ್ಯಾಲೆ ಮಾತಾಡೂಣು," ಎಂದು ಸೀರೆ ಎತ್ತಿಕಟ್ಟಿದಳು.

ಬೂದಿ, ಕಸ, ಕೊಳೆತ ಅಂಬಲಿ, ದಂಡೆಯ ಹೇಲು, ಎಲ್ಲವನ್ನೂ ಬುಟ್ಟಿಗೆ ಬಳಿದಳು. ಎಲ್ಲಿ ಚೆಲ್ಲಬೇಕೆಂದು ನೆಲವನ್ನೇ ಕೇಳಿದಳು.

"ನನಗ ಕೊಡು, ಅರಗಿಸ್ಕೋತೀನಿ," ಅಂದಿತು ನೆಲ. "ಆದ್ರ ನೀರಿನ ಹತ್ತಿರ ಬ್ಯಾಡ. ದೂರ ಹೋಗಿ ತೆಗ್ಗು ತೋಡು. ಹಾಕಿದ ಮ್ಯಾಲೆ ಮಣ್ಣು ಮುಚ್ಚೋದು ಮರೀಬ್ಯಾಡ."

ದಂಡೆ ಹತ್ತಿ ದೂರದ ಜಾಲಿ ಮರದವರೆಗೆ ಬುಟ್ಟಿ ಹೊತ್ತಳು. ತೆಗ್ಗು ತೋಡಿದಳು, ಸುರಿದಳು, ಮುಚ್ಚಿದಳು. ಮತ್ತೆ ಬುಟ್ಟಿ, ಮತ್ತೆ ದಂಡೆ, ಮತ್ತೆ ತೆಗ್ಗು. ಬಿಸಿಲು ನೆತ್ತಿಗೆ ಬಂದು ಪಡುವಣಕ್ಕೆ ವಾಲಿತು. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತು. ಅಂತೂ ಹಳ್ಳದ ಮರಳು ಮೊದಲಿನ ಹಾಗೆ ಬೆಳ್ಳಗೆ ಹೊಳೆಯಿತು, ಅವಳ ಕೈ ಮಾತ್ರ ಮೊಣಕೈವರೆಗೆ ಕಪ್ಪು.

ಗಡಿಗೆಯಲ್ಲಿ ಇನ್ನು ಒಂದು ಬಟ್ಟಲಿನಷ್ಟೇ ನೀರಿತ್ತು. ಕೆಂಚವ್ವ ಮಲಗಿದಲ್ಲಿಂದಲೇ ಅದನ್ನು ಬಟ್ಟಲಿಗೆ ಬಸಿದು ಮುಂದೆ ಹಿಡಿದಳು.

"ಅತ್ತೀ, ಇದನ್ನ ನೀವ ಕುಡೀರಿ. ನಿಮ್ಮ ತುಟಿ ಒಡದು ರಕ್ತ ಬರಾಕತ್ತೈತಿ."

ಭರಮವ್ವ ಬಟ್ಟಲು ನೋಡಿದಳು. ತನ್ನ ಕೈ ನೋಡಿದಳು. ಬಟ್ಟಲು ಹಿಡಿದು, ಒಲೆಯಿಂದ ಹಿಡಿ ಬೂದಿ ತೆಗೆದುಕೊಂಡು ಸೀದಾ ಜಾಲಿ ಮರದ ಬುಡಕ್ಕೆ ನಡೆದಳು. ಬೂದಿ ಹಚ್ಚಿ ಅಂಗೈ ತಿಕ್ಕಿದಳು, ಬೆರಳ ಸಂದಿ ತಿಕ್ಕಿದಳು, ಉಗುರಿನ ಒಳಗೆಲ್ಲ ತಿಕ್ಕಿದಳು. ಆ ನೀರಿನಲ್ಲೇ ಕೈ ತೊಳೆದಳು. ಹಳ್ಳದ ಮರಳಿನ ಮೇಲೆ ಒಂದು ಹನಿಯೂ ಬೀಳಲಿಲ್ಲ.

ಮರಳಿನಡಿಯಿಂದ ಗಂಗವ್ವ ಚೀರಿದಳು. "ಏ ಹುಚ್ಚೀ! ಬಾಯಿ ಒಣಗಿ ಸಾಯಾಕತ್ತೀ, ಇದ್ದ ನೀರು ಚೆಲ್ಲಿದೆಲ್ಲ!"

"ಚೆಲ್ಲಲಿಲ್ಲ, ಕೈ ತೊಳಕೊಂಡೆ," ಎಂದಳು ಭರಮವ್ವ. ದನಿ ಗೊಗ್ಗರಾಗಿತ್ತು, ತಲೆ ಮಾತ್ರ ಎತ್ತಿಯೇ ಇತ್ತು. "ಕುಡಿದಿದ್ರ ನಾ ಒಬ್ಬಾಕಿ ಉಳೀತಿದ್ದೆ. ಈಗ ಈ ಕೈಯಿಂದ ನಿನ್ನ ಮುಟ್ಟಬೇಕು, ಬಾಣಂತಿಗೆ ನೀರು ಕುಡಿಸಬೇಕು, ಕೂಸು ಎತ್ಕೋಬೇಕು. ಹೊಲಸು ಕೈಲೆ ಮುಟ್ಟಲೇನು?"

ಗಂಗವ್ವ ಅಂದಳು, "ಬಾ. ಕೈ ತೋರಿಸು."

ಭರಮವ್ವ ಚೊಕ್ಕ ಮರಳಿನಲ್ಲಿ ಮೊಣಕಾಲೂರಿ ಕೆದರಿದಳು. ಮೊಣಕೈ ಮುಳುಗುವಷ್ಟು ತೋಡಿದಾಗ ಜಿನುಗು ಕಂಡಿತು, ಕಲಕಿದ ನೀರು. ಅದನ್ನು ಬಟ್ಟಲಿನಲ್ಲಿ ಮೊಗೆದು, ದೂರ ಒಯ್ದು ಸುರಿದಳು. ಮತ್ತೆ ಜಿನುಗಿತು, ಇನ್ನೂ ಸ್ವಲ್ಪ ಮಬ್ಬು. ಮತ್ತೆ ಮೊಗೆದಳು. ಗಂಗವ್ವ ಕೆಳಗಿನಿಂದ ಒಂದೊಂದೇ ಬೆರಳು, ಒಂದೊಂದೇ ಉಗುರು ನೋಡುತ್ತಿದ್ದಳು.

ಆಮೇಲೆ ತಿಳಿನೀರು ಬಂತು. ತಣ್ಣಗೆ, ಸಿಹಿಯಾಗಿ, ತಳದ ಮರಳಿನ ಹರಳು ಎಣಿಸುವಷ್ಟು ತಿಳಿಯಾಗಿ ಬಂತು.

ಮೊದಲ ಬಟ್ಟಲು ಕೆಂಚವ್ವನಿಗೆ. ಅವಳು ಗಟಗಟನೆ ಕುಡಿದು ಕೂಸಿಗೆ ಮೊಲೆಯೂಡಿಸಿದ ಮೇಲೆಯೇ ಭರಮವ್ವ ತಾನು ಕುಡಿದಳು. ಕುಡಿಯುವಾಗ ಅವಳ ಕಣ್ಣಲ್ಲಿ ನೀರು ಬಂತು.

"ನನ್ನ ದಂಡಿಮ್ಯಾಲೆ ಬಿಡಾರ ಹೂಡಿದವರೊಳಗ ನಿನ್ನಂಥಾ ಚೊಕ್ಕ ಹೆಣಮಗಳು ಇನ್ನೊಬ್ಬಾಕಿ ಇಲ್ಲವಾ," ಎಂದಳು ಗಂಗವ್ವ.

"ಅದು ನನಗ ಗೊತ್ತೈತಿ," ಎಂದಳು ಭರಮವ್ವ. ಇಬ್ಬರೂ ನಕ್ಕರು.

"ಹಂಗಾದ್ರ ಮ್ಯಾಲೆ ಬಾರವಾ."

"ಮಳಿಗಾಲಕ್ಕ ಬರ್ತೀನಿ. ಬ್ಯಾಸಗ್ಯಾಗ ಇಲ್ಲೇ ಇರ್ತೀನಿ, ಇಲ್ಲಿ ಮರಳು ನನ್ನ ಚೊಕ್ಕ ಇಡತೈತಿ. ಆದ್ರ ಕೈ ತೊಳಕೊಂಡು ಬಂದು ಕೆದರಿದವರಿಗೆ ಇಲ್ಲ ಅನ್ನೂದಿಲ್ಲ."

ಕೆಲವು ದಿನಗಳಾದ ಮೇಲೆ ಭರಮವ್ವನ ಮಗ ನೀರು ತುಂಬಿದ ತೊಗಲಚೀಲ ಹೊತ್ತು ಓಡೋಡಿ ಬಂದ. ನೋಡಿದರೆ ಅವ್ವ ಹಳ್ಳದಿಂದ ದೂರ ಕೂತು, ಕಾಲ ಮೇಲೆ ಕೂಸು ಮಲಗಿಸಿಕೊಂಡು ನೀರೆರೆಯುತ್ತಿದ್ದಾಳೆ! ಅವನು ಖುಷಿಯಿಂದ ಮಗಳನ್ನು ಎತ್ತಿಕೊಳ್ಳಲು ಕೈ ಚಾಚಿದ.

"ಅಲ್ಲೇ ನಿಲ್ಲು," ಎಂದಳು ಭರಮವ್ವ. "ಬೂದಿ ಅಲ್ಲೈತಿ, ನೀರು ಇಲ್ಲೈತಿ. ಮೊದಲ ಕೈ ತೊಳಕೋ."

ಅದಕ್ಕೇ ಇವತ್ತಿಗೂ ಬೇಸಿಗೆಯಲ್ಲಿ ಹಳ್ಳ ಮರಳಿನಡಿಯೇ ಹರಿಯುತ್ತದೆ. ನೀವು ಮರಳು ಕೆದರಿ ಒರತೆ ತೋಡಿದರೆ ಮೊದಲು ಬರುವುದು ಕಲಕಿದ ನೀರು. ಅಷ್ಟು ಹೊತ್ತೂ ಗಂಗವ್ವ ನಿಮ್ಮ ಕೈ ನೋಡುತ್ತಿರುತ್ತಾಳೆ, ತೊಳೆದ ಕೈ, ಭರಮವ್ವನ ಕುಲದ ಕೈ ಎಂದು ಗುರುತು ಸಿಕ್ಕ ಮೇಲೆಯೇ ತಿಳಿನೀರು ಕೊಡುತ್ತಾಳೆ.